ಕೇಸು ವಾಪಸಾಗಿದೆ, ವೀಸಾ ಅರ್ಜಿಯಲ್ಲಿ ಏನು ಬರೆಯಲಿ?

ಪೊಲೀಸ್ ಕೇಸು ವಾಪಸಾದ, ಹೈಕೋರ್ಟಿನಲ್ಲಿ ರದ್ದಾದ, ರಾಜಿಯಲ್ಲಿ ಮುಗಿದ ಮೇಲೆ ವಿದೇಶಕ್ಕೆ ಹೊರಟವರ ಪತ್ರಗಳಿಗೆ ಈ ಸಲದ ಪುಟಗಳನ್ನು ಮೀಸಲಿಟ್ಟಿದ್ದೇವೆ. ಬರೆದವರ ಹೆಸರು ತೆಗೆದು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ. ಹೆಚ್ಚುಕಡಿಮೆ ಎಲ್ಲರೂ ಕೇಳಿರುವುದು ಒಂದೇ ಮಾತು: ಕೇಸೇ ಇಲ್ಲದ ಮೇಲೆ ‘ಇಲ್ಲ’ ಎಂದು ಬರೆದರೆ ತಪ್ಪೇನು? ಅದು ಆಯಾ ದೇಶದ ಅರ್ಜಿ ಏನು ಕೇಳುತ್ತದೆ ಎಂಬುದರ ಮೇಲೆ ನಿಂತಿದೆ. ಒಂದು ದೇಶ ಶಿಕ್ಷೆಯನ್ನಷ್ಟೇ ಕೇಳಿದರೆ ಇನ್ನೊಂದು ಬಂಧನವನ್ನೂ ಕೇಳುತ್ತದೆ, ಮತ್ತೊಂದು ಬರೀ ಆರೋಪವನ್ನೂ ಬಿಡುವುದಿಲ್ಲ.

ಪ್ರಶ್ನೆ: 2016ರ ಕಾವೇರಿ ಹೋರಾಟದಲ್ಲಿ ರಸ್ತೆ ತಡೆ ಮಾಡಿದೆವೆಂದು ನಮ್ಮೂರಿನ ಹಲವರ ಮೇಲೆ ಕೇಸಾಗಿತ್ತು. ನಾನೂ ಒಬ್ಬ. ಆಮೇಲೆ ಸರ್ಕಾರ ಕೇಸು ವಾಪಸ್ ತೆಗೆದುಕೊಂಡಿತು ಅಂತ ಪೇಪರಿನಲ್ಲಿ ಬಂತು. ಈಗ ಮಗಳ ಬಾಣಂತನಕ್ಕೆ ನಾವಿಬ್ಬರೂ ನ್ಯೂಜೆರ್ಸಿಗೆ ಹೋಗಬೇಕು. ‘ಬಿದ್ದುಹೋದ ಕೇಸು ಸಾರ್, ನೋ ಅಂತ ಹಾಕೋಣ’ ಅಂತಾರೆ ಏಜೆಂಟರು. ಹಾಗೆ ಮಾಡಬಹುದೇ? — ಮಂಡ್ಯ ಜಿಲ್ಲೆ

ಉತ್ತರ: ಬೇಡಿ. ಅಮೆರಿಕದ ಸಂದರ್ಶಕ ವೀಸಾಕ್ಕೆ ತುಂಬುವ ಡಿಎಸ್-160 ಫಾರಂ ಈಗ ಕೇಸು ಬಾಕಿ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಕ್ಷಮಾದಾನವೋ ಅಂಥ ಬೇರೆ ರಿಯಾಯಿತಿಯೋ ಸಿಕ್ಕಿದ್ದರೂ ಸರಿ, ಯಾವುದೇ ಅಪರಾಧಕ್ಕೆ ನಿಮ್ಮನ್ನು ಎಂದಾದರೂ ಬಂಧಿಸಿದ್ದರೇ, ನಿಮಗೆ ಶಿಕ್ಷೆಯಾಗಿತ್ತೇ ಎಂಬುದು ಅದರ ಪ್ರಶ್ನೆ. ಬಂಧನವಾಗಿದ್ದರೆ ‘ಯೆಸ್’. ಕೇಸು ವಾಪಸಾಯಿತು ಎಂಬುದನ್ನು ಅದರ ಕೆಳಗೆ ತೆರೆದುಕೊಳ್ಳುವ ವಿವರಣೆಯ ಬಾಕ್ಸಿನಲ್ಲಿ ಬರೆಯಬೇಕು.

ಹಾಗಾದರೆ ಮೊದಲು ತಿಳಿಯಬೇಕಾದದ್ದು, ನಿಮ್ಮ ಬಂಧನ ಆಗಿತ್ತೇ ಎಂಬುದು. ಹೋರಾಟಗಾರರನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಸಂಜೆ ಬಿಟ್ಟುಕಳಿಸುವುದು ನಮ್ಮಲ್ಲಿ ಮಾಮೂಲು. ಹೆಸರು ಬರೆದುಕೊಂಡು ಬಿಟ್ಟರೇ, ಅರೆಸ್ಟ್ ಮೆಮೊಗೆ ಸಹಿ ಹಾಕಿಸಿಕೊಂಡು ಸ್ಟೇಷನ್ ಬೇಲ್ ಮೇಲೆ ಬಿಟ್ಟರೇ ಎಂಬುದನ್ನು ಕಾಗದದಲ್ಲೇ ನೋಡಬೇಕು. ಚಾರ್ಜ್‌ಶೀಟಿನಲ್ಲಿ ಪ್ರತಿ ಆರೋಪಿಯ ಹೆಸರಿನ ಮುಂದೆ ಬಂಧನದ ತಾರೀಖು, ಜಾಮೀನಿನ ತಾರೀಖು ತುಂಬುವ ಜಾಗ ಇರುತ್ತದೆ, ಅದನ್ನು ಓದಿ. ನಿರೀಕ್ಷಣಾ ಜಾಮೀನು ತೆಗೆದುಕೊಂಡು ತನಿಖಾಧಿಕಾರಿ ಮುಂದೆ ಹಾಜರಾಗಿ ಬಾಂಡ್ ಕೊಟ್ಟು ಬಂದಿದ್ದರೆ, ಲಾಕಪ್ಪಿನಲ್ಲಿ ಒಂದು ನಿಮಿಷವೂ ಕೂರದಿದ್ದರೂ, ಕಾಗದದಲ್ಲಿ ಸಾಮಾನ್ಯವಾಗಿ ಬಂಧನವೆಂದೇ ದಾಖಲಾಗಿರುತ್ತದೆ. ಹಳೇ ಸಿಆರ್‌ಪಿಸಿಯ (ಅಪರಾಧ ಪ್ರಕ್ರಿಯಾ ಸಂಹಿತೆ) 41-ಎ ಅಡಿ, ವಿಚಾರಣೆಗೆ ಕರೆದ ನೋಟಿಸಿಗೆ (ಈಗ ಬಿಎನ್‌ಎಸ್‌ಎಸ್ 35(3)) ಹೋಗಿ ಹೇಳಿಕೆ ಕೊಟ್ಟು ಬಂದಿದ್ದರೆ ಅದು ಬಂಧನವಲ್ಲ. ಅನುಮಾನ ಉಳಿದರೆ ‘ಯೆಸ್’ ಎಂದು ಹಾಕಿ ವಿವರ ಕೊಡುವುದೇ ಕ್ಷೇಮ.

ಎರಡನೆಯದು, ಕೇಸು ನಿಜವಾಗಿ ವಾಪಸಾಗಿದೆಯೇ? ಪೇಪರಿನಲ್ಲಿ ಬರುವುದು ಬಹುಪಾಲು ಸಚಿವ ಸಂಪುಟದ ತೀರ್ಮಾನ. ಅದರಿಂದ ಕೇಸು ಮುಗಿಯುವುದಿಲ್ಲ. ಸರ್ಕಾರಿ ಅಭಿಯೋಜಕರು ತಾವೇ ಕಡತ ಪರಿಶೀಲಿಸಿ, ಸಿಆರ್‌ಪಿಸಿ 321ರಡಿ (ಈಗ ಬಿಎನ್‌ಎಸ್‌ಎಸ್ 360) ಅದೇ ಕೋರ್ಟಿಗೆ ಅರ್ಜಿ ಕೊಡಬೇಕು, ನ್ಯಾಯಾಧೀಶರು ಒಪ್ಪಬೇಕು. ಒಪ್ಪದೆಯೂ ಇರಬಹುದು. 2000ದಲ್ಲಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ಸರ್ಕಾರ ಅವನ ಸಹಚರರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಆರೋಪಗಳನ್ನು ಹಿಂಪಡೆಯಲು ಹೊರಟದ್ದನ್ನು ಸುಪ್ರೀಂ ಕೋರ್ಟ್ ತಡೆಯಿತು. ತೀರಾ ಈಚೆಗೆ, 43 ಕೇಸುಗಳನ್ನು ಹಿಂಪಡೆಯಲು 2024ರ ಅಕ್ಟೋಬರಿನಲ್ಲಿ ಹೊರಟ ಸರ್ಕಾರಿ ಆದೇಶವನ್ನು ಕರ್ನಾಟಕ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದು ಮಾಡಿತು. ಆದ್ದರಿಂದ ಪೇಪರ್ ಕಟಿಂಗ್ ಇಟ್ಟುಕೊಂಡು ಕಾನ್ಸುಲೇಟಿಗೆ ಹೋಗಬೇಡಿ.

ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿ ನೋಡಿ. ಅದು ಗೊತ್ತಿಲ್ಲದಿದ್ದರೆ ಪೊಲೀಸ್ ಠಾಣೆ, ಕ್ರೈಂ ನಂಬರ್, ವರ್ಷ ಹಾಕಿದರೂ ಸಿಗುತ್ತದೆ. ‘ಡಿಸ್ಪೋಸ್ಡ್’ ಎಂದು ಬಂದ ಕೂಡಲೇ ನಿಟ್ಟುಸಿರು ಬಿಡಬೇಡಿ. ಹಲವು ಆರೋಪಿಗಳಿರುವ ಕೇಸಿನಲ್ಲಿ ಯಾರೋ ಇಬ್ಬರು ಸಮನ್ಸಿಗೆ ಬರದಿದ್ದರೆ ಅವರದ್ದನ್ನು ಬೇರ್ಪಡಿಸಿ ಸ್ಪ್ಲಿಟ್-ಅಪ್ ಕೇಸೆಂದು ಹೊಸ ಸಿ.ಸಿ. (ಕೋರ್ಟಿನ ಕೇಸು) ನಂಬರ್ ಕೊಡುತ್ತಾರೆ. ಮೂಲ ಕೇಸು ವಾಪಸಾಗಿರುತ್ತದೆ, ಬೇರ್ಪಟ್ಟದ್ದು ವಾರಂಟ್ ಸಮೇತ ಎಲ್‌ಪಿಸಿ (ಬಹುಕಾಲ ಬಾಕಿ ಉಳಿದ ಕೇಸುಗಳ) ರಿಜಿಸ್ಟರಿನಲ್ಲಿ ಮಲಗಿರುತ್ತದೆ. ಹೋರಾಟದ ಕೇಸುಗಳಲ್ಲಿ ಇದನ್ನು ಪದೇ ಪದೇ ಕಾಣುತ್ತೇವೆ. ಆರ್ಡರ್ ಶೀಟಿನಲ್ಲಿ ನಿಮ್ಮ ಹೆಸರು, ಎ-1, ಎ-2 ಎಂಬ ಆರೋಪಿ ಸಂಖ್ಯೆ ಎರಡೂ ಇವೆಯೇ ಎಂದು ಬೆರಳಿಟ್ಟು ನೋಡಿ.

ಬಳಿಕ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ನಾಲ್ಕು ದಾಖಲೆಗಳ ಸರ್ಟಿಫೈಡ್ ಕಾಪಿ ತೆಗೆಸಿ: ಎಫ್‌ಐಆರ್, ಚಾರ್ಜ್‌ಶೀಟ್, 321ರ ಅರ್ಜಿ, ಅದರ ಮೇಲಿನ ಆದೇಶ. ಎರಡೆರಡು ಪ್ರತಿ ಇರಲಿ. ಆರೋಪ ನಿಗದಿಯಾಗುವ ಮೊದಲೇ ವಾಪಸಾಗಿದ್ದರೆ ಆದೇಶದಲ್ಲಿ ನಿಮ್ಮನ್ನು ಆರೋಪದಿಂದ ಬಿಡುಗಡೆ ಮಾಡಿದೆ ಎಂದಿರುತ್ತದೆ, ನಿಗದಿಯಾದ ಮೇಲಾದರೆ ಖುಲಾಸೆ ಎಂದಿರುತ್ತದೆ. ಅಮೆರಿಕದ ಅರ್ಜಿಗೆ ಎರಡೂ ಒಂದೇ, ಆದರೆ ವಿವರಣೆಯಲ್ಲಿ ಆದೇಶದಲ್ಲಿರುವ ಪದವನ್ನೇ ಬಳಸಿ. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು, ಕೊನೆಯಲ್ಲಿ ಅನುವಾದಕರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಮೂಲಕ್ಕೆ ಸರಿಯಾಗಿದೆ ಎಂದು ಬರೆದು ಸಹಿ ಹಾಕಿರಬೇಕು. ಹಳೇ ಕಡತ ನಾಶವಾಗಿದೆ ಎಂದು ಕೋರ್ಟಿನಲ್ಲಿ ಹೇಳಿದರೆ ಬರಿಗೈಲಿ ಬರಬೇಡಿ. ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹವನ್ನು ಸೀಲು, ತಾರೀಖಿನ ಜತೆ ಪಡೆಯಿರಿ.

ವಿವರಣೆಯ ಬಾಕ್ಸಿಗೆ ನಾಲ್ಕೈದು ವಾಕ್ಯ ಸಾಕು. ಅದು ಹೀಗಿರಲಿ: ‘2016ರ ಸೆಪ್ಟೆಂಬರ್‌ನಲ್ಲಿ ನದಿ ನೀರಿನ ಪ್ರತಿಭಟನೆಗೆ ಸಂಬಂಧಿಸಿ ಇಂಥ ಠಾಣೆಯ ಇಂಥ ಕ್ರೈಂ ನಂಬರಿನಲ್ಲಿ ನನ್ನನ್ನು ಬಂಧಿಸಿ ಅದೇ ದಿನ ಜಾಮೀನಿನ ಮೇಲೆ ಬಿಡಲಾಯಿತು. ಆರೋಪ ಐಪಿಸಿ 143 (ಅಕ್ರಮ ಕೂಟ), 341 (ಅಕ್ರಮ ತಡೆ). ಇಂಥ ತಾರೀಖಿನಂದು ಕೋರ್ಟಿನ ಒಪ್ಪಿಗೆಯೊಂದಿಗೆ ಕೇಸು ಹಿಂಪಡೆಯಲಾಗಿದೆ. ಶಿಕ್ಷೆಯಾಗಿಲ್ಲ. ಪ್ರಮಾಣಿತ ಪ್ರತಿಗಳು ನನ್ನಲ್ಲಿವೆ.’ ಹೋರಾಟದ ನ್ಯಾಯ-ಅನ್ಯಾಯದ ಚರ್ಚೆ ಅಲ್ಲಿ ಬೇಡ. ನಿಮ್ಮ ಚಾರ್ಜ್‌ಶೀಟಿನಲ್ಲಿ 353 (ಸರ್ಕಾರಿ ನೌಕರರ ಮೇಲೆ ಹಲ್ಲೆ) ಅಥವಾ 427 (ಆಸ್ತಿ ಹಾನಿ) ಇದ್ದರೆ ಸಂದರ್ಶನದಲ್ಲಿ ಒಂದೆರಡು ಪ್ರಶ್ನೆ ಹೆಚ್ಚು ಬರುತ್ತವೆ. ಅಮೆರಿಕದ ಕಾನೂನಿನಲ್ಲಿ ಕೆಲವು ಬಗೆಯ ಅಪರಾಧಗಳಿಗೆ ಶಿಕ್ಷೆಯಾಗದಿದ್ದರೂ, ಅದರ ಮುಖ್ಯ ಅಂಶಗಳನ್ನು ಅರ್ಜಿದಾರರೇ ಒಪ್ಪಿಕೊಂಡರೆ ಅನರ್ಹತೆ ಬರಬಹುದು. ಹಾಗಾಗಿ ಅಂಥ ಕಲಂಗಳಿದ್ದವರು ಸಂದರ್ಶನಕ್ಕೆ ಮೊದಲು ಅಮೆರಿಕದ ವಲಸೆ ವಕೀಲರೊಬ್ಬರ ಹತ್ತಿರ ಕಾಗದ ತೋರಿಸಿಕೊಳ್ಳುವುದು ಒಳ್ಳೆಯದು. ಸಂದರ್ಶನದ ಕೊನೆಯಲ್ಲಿ 221(ಜಿ) ಎಂದು ಚೀಟಿ ಕೊಟ್ಟರೆ ಗಾಬರಿಯಾಗಬೇಡಿ. ಕಾನೂನಿನ ಲೆಕ್ಕದಲ್ಲಿ ಅದು ನಿರಾಕರಣೆಯೇ ಆದರೂ ಕೊನೆಯ ಮಾತಲ್ಲ, ಕಡತ ಇನ್ನೂ ಪರಿಶೀಲನೆಯಲ್ಲಿದೆ, ಅದರಲ್ಲಿ ಕೇಳಿದ ಕಾಗದ ಇದ್ದರೆ ಕೊಡಿ ಎಂದು ಅದರ ಅರ್ಥ. ಆದರೆ ಮಗಳ ಹೆರಿಗೆಯ ದಿನ ಲೆಕ್ಕ ಹಾಕಿ ಅರ್ಜಿ ಬೇಗ ಹಾಕಿ, ಈ ಪರಿಶೀಲನೆಗೆ ಇಷ್ಟೇ ದಿನ ಎಂಬ ಗಡುವಿಲ್ಲ.

ಏಜೆಂಟರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಫಾರಂ ತುಂಬಲು ಯಾರಾದರೂ ನೆರವಾದರೇ ಎಂದು ಡಿಎಸ್-160 ಕೇಳುತ್ತದೆ, ಅಲ್ಲಿ ಅವರ ವಿವರ ಬರೆಯಬೇಕು. ಕೊನೆಗೆ ಸಹಿ ಮಾತ್ರ ನಿಮ್ಮದು, ಹೊಣೆಯೂ ನಿಮ್ಮದು. ಮಹತ್ವದ ಸಂಗತಿಯಲ್ಲಿ ಸುಳ್ಳು ಹೇಳಿ ವೀಸಾ ಕೇಳಿದರೆಂದು ಅಧಿಕಾರಿ ತೀರ್ಮಾನಿಸಿದರೆ ಅಮೆರಿಕದ ಕಾನೂನಿನ 212(ಎ)(6)(ಸಿ) ಅಡಿ ಬರುವ ಅನರ್ಹತೆಗೆ ಕಾಲಮಿತಿಯೇ ಇಲ್ಲ. ವಿನಾಯಿತಿ ಪಡೆದೇ ಒಳಗೆ ಹೋಗಬೇಕು. ರಸ್ತೆ ತಡೆಯ ಕೇಸಿನಿಂದ ಆಗದ ನಷ್ಟ ಒಂದು ‘ನೋ’ದಿಂದ ಆಗುತ್ತದೆ.

ಪ್ರಶ್ನೆ: ಅತ್ತಿಗೆ ನನ್ನ ಅಣ್ಣನ ಮೇಲೆ 498-ಎ (ಗಂಡ, ಅವನ ಮನೆಯವರ ಕಿರುಕುಳ) ಕೇಸು ಹಾಕಿದಾಗ ನನ್ನನ್ನೂ ಎ-4 ಎಂದು ಸೇರಿಸಿದ್ದರು. ನಾನು ಠಾಣೆಗೂ ಹೋಗಿಲ್ಲ. ಮುಂದೆ ರಾಜಿಯಾಗಿ ಹೈಕೋರ್ಟಿನಲ್ಲಿ ಕೇಸು ಕ್ವ್ಯಾಶ್ (ರದ್ದು) ಆಯಿತು. ಈಗ ನಾನೂ ನಮ್ಮ ಮನೆಯವರೂ ಕೆನಡಾಕ್ಕೆ ಅರ್ಜಿ ಹಾಕುತ್ತಿದ್ದೇವೆ. ಬಂಧನವೇ ಆಗದ ಮೇಲೆ ಬರೆಯಬೇಕೇ? — ಬೆಂಗಳೂರು

ಉತ್ತರ: ಬರೆಯಬೇಕು. ಕೆನಡಾದ ಪ್ರಶ್ನೆ ಅಮೆರಿಕದ್ದಕ್ಕಿಂತ ಅಗಲವಾದದ್ದು: ಯಾವುದೇ ದೇಶದಲ್ಲಿ ನೀವು ಎಂದಾದರೂ ಅಪರಾಧ ಮಾಡಿದ್ದೀರಾ, ಬಂಧಿತರಾಗಿದ್ದೀರಾ, ನಿಮ್ಮ ಮೇಲೆ ಆರೋಪ ಹೊರಿಸಲಾಗಿತ್ತೇ, ಶಿಕ್ಷೆಯಾಗಿತ್ತೇ ಎಂದು ನಾಲ್ಕನ್ನೂ ಒಟ್ಟಿಗೆ ಕೇಳುತ್ತದೆ. ಚಾರ್ಜ್‌ಶೀಟಿನಲ್ಲಿ ನಿಮ್ಮ ಹೆಸರಿದ್ದರೆ ‘ಯೆಸ್’ ಎನ್ನಿ. ಬರೀ ಎಫ್‌ಐಆರ್ ಆಗಿ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಹಾಕಿದ್ದರೆ ಅದನ್ನು ‘ಆರೋಪ’ ಎನ್ನಬೇಕೇ ಎಂಬ ವಾದಕ್ಕೆ ಜಾಗವಿದೆ. ಆದರೂ ವಿವರಣೆ ಬರೆದು ಬಿ ರಿಪೋರ್ಟನ್ನು ಕೋರ್ಟ್ ಒಪ್ಪಿದ ಆದೇಶ ಲಗತ್ತಿಸುವುದೇ ನಮ್ಮ ಸಲಹೆ.

498-ಎ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿಲ್ಲ. ಆದ್ದರಿಂದಲೇ ಮನೆಮಂದಿ ಒಪ್ಪಿದ ಮೇಲೂ ಕೆಳಗಿನ ಕೋರ್ಟಿನಲ್ಲಿ ಮುಗಿಯದೆ, ಸಿಆರ್‌ಪಿಸಿ 482ರಡಿ (ಈಗ ಬಿಎನ್‌ಎಸ್‌ಎಸ್ 528) ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಇಂಥ ಕೌಟುಂಬಿಕ ವ್ಯಾಜ್ಯಗಳನ್ನು ಒಪ್ಪಂದದ ಮೇಲೆ ರದ್ದು ಮಾಡಬಹುದೆಂದು 2012ರ ಜ್ಞಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೈಕೋರ್ಟ್ ಆದೇಶದಲ್ಲಿ ‘ಎ-1ರಿಂದ ಎ-4’ ಎಂದು ಸ್ಪಷ್ಟವಾಗಿ ಇದೆಯೇ, ಬರೀ ‘ಅರ್ಜಿದಾರರ ಮಟ್ಟಿಗೆ’ ಎಂದಿದೆಯೇ ನೋಡಿ. ಅರ್ಜಿದಾರ ನಿಮ್ಮ ಅಣ್ಣ ಒಬ್ಬರೇ ಆಗಿದ್ದು ಆದೇಶ ‘ಅರ್ಜಿದಾರರ ಮಟ್ಟಿಗೆ’ ಎಂದಿದ್ದರೆ ನಿಮ್ಮ ಮೇಲಿನ ಕೇಸು ಇನ್ನೂ ಜೀವಂತ. ಅದನ್ನು ಮೊದಲು ಮುಗಿಸಿಕೊಳ್ಳಿ. ಹೈಕೋರ್ಟಿನ ಪ್ರತಿಯನ್ನು ಕೆಳಗಿನ ಕೋರ್ಟಿಗೆ ಸಲ್ಲಿಸಿ ಅಲ್ಲಿಯ ಆರ್ಡರ್ ಶೀಟಿನಲ್ಲೂ ಕೇಸು ಮುಗಿದದ್ದು ನಮೂದಾಗುವಂತೆ ನೋಡಿಕೊಳ್ಳುವುದು ಬಹಳ ಮಂದಿ ಮರೆಯುವ ಕೆಲಸ.

ಶಿಕ್ಷೆಯಾಗದ, ರದ್ದಾದ ಕೇಸಿನ ಕಾರಣಕ್ಕೆ ಕೆನಡಾದವರು ಅನರ್ಹರೆಂದು ಹೇಳುವುದು ತೀರಾ ಅಪರೂಪ. ಆದರೆ ಮುಚ್ಚಿಟ್ಟರೆ ತಪ್ಪು ಮಾಹಿತಿಯ ಕಾರಣಕ್ಕೆ ಐದು ವರ್ಷ ಬಾಗಿಲು ಮುಚ್ಚುತ್ತದೆ. ನಿಮ್ಮ ಉತ್ತರದಲ್ಲಿ ಅನುಮಾನ ಬಂದರೆ ಮೊದಲು ವಿವರಣೆ ಕೇಳಿ ಪತ್ರ ಬರುತ್ತದೆ. ಅದರಲ್ಲಿರುವ ಗಡುವು ಮೀರದಂತೆ ಉತ್ತರಿಸಿ, ಇಮೇಲಿನ ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ. ಆಸ್ಟ್ರೇಲಿಯಾದಲ್ಲಿ ಸುಳ್ಳು ಮಾಹಿತಿಗೆ ಮೂರು ವರ್ಷ, ಬ್ರಿಟನ್ನಿನಲ್ಲಿ ವಂಚನೆಗೆ ಹತ್ತು ವರ್ಷ.

ಪ್ರಶ್ನೆ: ನಾವು ಬ್ರಿಟಿಷ್ ಪಾಸ್‌ಪೋರ್ಟಿನವರು, ಮೂಲ ಶಿವಮೊಗ್ಗ. ಮೂರು ವರ್ಷದ ಹಿಂದೆ ಪಕ್ಕದ ಮನೆಯವರೊಡನೆ ಜಗಳವಾಗಿ ನಮ್ಮ ಯಜಮಾನರನ್ನು ಹಲ್ಲೆ ಆರೋಪದಲ್ಲಿ ಬಂಧಿಸಿದ್ದರು. ಕೋರ್ಟಿನಲ್ಲಿ ಮೊದಲ ದಿನವೇ ಸರ್ಕಾರದ ಪರ ಕೇಸು ನಡೆಸುವ ಸಿಪಿಎಸ್‌ನವರು ಕೇಸು ಕೈಬಿಟ್ಟರು. ಈಗ ಡಲ್ಲಾಸಿನಲ್ಲಿ ತಂಗಿಯ ಗೃಹಪ್ರವೇಶ, ವಾಪಸು ಬರುವಾಗ ಟೊರೊಂಟೊಗೂ ಹೋಗಬೇಕು. ಎಸ್ಟಾ ಸಾಕೇ? — ರೆಡಿಂಗ್, ಇಂಗ್ಲೆಂಡ್

ಉತ್ತರ: ಬ್ರಿಟಿಷ್ ಪೌರರಿಗೆ ವೀಸಾ ಇಲ್ಲದೆ 90 ದಿನದವರೆಗೆ ಅಮೆರಿಕಕ್ಕೆ ಹೋಗಲು ಬೇಕಾದ ಆನ್‌ಲೈನ್ ಅನುಮತಿ ಎಸ್ಟಾ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇದು ಸಿಗುವುದಿಲ್ಲ. 2025ರ ಸೆಪ್ಟೆಂಬರ್ 30ರಂದು ಶುಲ್ಕ 21ರಿಂದ 40 ಡಾಲರಿಗೆ ಏರಿತು.

ಎಸ್ಟಾದ ಪ್ರಶ್ನೆ ಡಿಎಸ್-160ರದ್ದಕ್ಕಿಂತ ಇಕ್ಕಟ್ಟಾದದ್ದು. ಆಸ್ತಿಗೆ ಗಂಭೀರ ಹಾನಿ, ಅಥವಾ ಇನ್ನೊಬ್ಬ ವ್ಯಕ್ತಿಗೋ ಸರ್ಕಾರಿ ಅಧಿಕಾರಕ್ಕೋ ಗಂಭೀರ ಕೇಡು ಉಂಟುಮಾಡಿದ ಅಪರಾಧಕ್ಕೆ ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿತ್ತೇ ಎಂದು ಅದು ಕೇಳುತ್ತದೆ. ಇಲ್ಲೂ ಬಂಧನ ಇದೆ, ಗಮನಿಸಿ. ಸಿಪಿಎಸ್ ಕೇಸು ಕೈಬಿಟ್ಟರೂ ಬಂಧನ ನಡೆದದ್ದು ಅಳಿಸುವುದಿಲ್ಲ. ಹಾಗಾಗಿ ತೀರ್ಮಾನವಾಗಬೇಕಾದದ್ದು ‘ಗಂಭೀರ ಕೇಡು’ ಎಂಬುದರ ಮೇಲೆ. ತಳ್ಳಾಟವಾಗಿ ಯಾರಿಗೂ ಗಾಯವಾಗದೆ ‘ಕಾಮನ್ ಅಸಾಲ್ಟ್’ (ಸಣ್ಣ ಹಲ್ಲೆ) ಎಂದು ದಾಖಲಾಗಿದ್ದರೆ ‘ನೋ’ ಎನ್ನುವುದು ಪ್ರಾಮಾಣಿಕ ಉತ್ತರವೇ ಆಗಬಹುದು. ಪಕ್ಕದವರ ಮೂಳೆ ಮುರಿದಿತ್ತು, ‘ಜಿಬಿಎಚ್’ (ತೀವ್ರ ಗಾಯ) ಎಂದು ದಾಖಲಾಗಿತ್ತು ಎಂದಾದರೆ, ನಿಮ್ಮ ಯಜಮಾನರು ನಿರಪರಾಧಿಯೇ ಆಗಿದ್ದರೂ, ಬಂಧನ ಅಂಥ ಅಪರಾಧಕ್ಕೆ ಆಗಿತ್ತಾದ್ದರಿಂದ ‘ಯೆಸ್’. ನಡುವಿನ ‘ಎಬಿಎಚ್’ (ಗಾಯ ಮಾಡಿದ ಹಲ್ಲೆ) ಕಷ್ಟದ ಜಾಗ. ಅದರಲ್ಲಿ ದೊಡ್ಡ ಮೂಗೇಟೂ ಬರುತ್ತದೆ, ಹಲ್ಲು ಮುರಿದದ್ದೂ ಬರುತ್ತದೆ.

ಉತ್ತರ ಹೊಳೆಯದಿದ್ದರೆ ಊಹೆಯ ಮೇಲೆ ಟಿಕ್ ಮಾಡಬೇಡಿ. ಬ್ರಿಟನ್ನಿನ ಪೊಲೀಸ್ ದಾಖಲೆಗಳನ್ನು ನೋಡಿಕೊಳ್ಳುವ ಎಸಿಆರ್‌ಒ ಕಚೇರಿಗೆ ‘ಸಬ್ಜೆಕ್ಟ್ ಆಕ್ಸೆಸ್’ ಅರ್ಜಿ ಹಾಕಿದರೆ ಪೊಲೀಸ್ ರಾಷ್ಟ್ರೀಯ ಕಂಪ್ಯೂಟರಿನಲ್ಲಿ ನಿಮ್ಮ ಬಗ್ಗೆ ಏನಿದೆಯೆಂದು ಉಚಿತವಾಗಿ ಕೊಡುತ್ತಾರೆ. ಯಾವ ಅಪರಾಧದ ಹೆಸರಿನಲ್ಲಿ ಬಂಧನ, ಹೇಗೆ ಮುಗಿಯಿತು ಎಂಬುದು ಅಲ್ಲಿ ತಿಳಿಯುತ್ತದೆ. ಒಂದು ತಿಂಗಳು ಕಾಯಲು ತಯಾರಿರಿ. ವೀಸಾಕ್ಕೆ ಬೇಕಾದ ಪೊಲೀಸ್ ಸರ್ಟಿಫಿಕೇಟ್ ಬೇರೆ, ಅದಕ್ಕೆ ಶುಲ್ಕವಿದೆ. ಇವೆರಡನ್ನೂ ಒಂದೇ ಎಂದುಕೊಂಡು ತಪ್ಪಾದದ್ದನ್ನು ತರಿಸಿಕೊಳ್ಳುವವರು ಬಹಳ. ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಕೇಸು ಕೈಬಿಟ್ಟ ದಾಖಲೆಯನ್ನೂ, ಸಿಪಿಎಸ್ ಬರೆದ ಪತ್ರವಿದ್ದರೆ ಅದನ್ನೂ ತೆಗೆದಿಡಿ.

ಎಸ್ಟಾದಲ್ಲಿ ‘ಯೆಸ್’ ಎಂದರೆ ವಿವರಣೆಗೆ ಜಾಗವಿಲ್ಲ, ಅನುಮತಿ ನಿರಾಕರಣೆ ಆಗುವುದೇ ಹೆಚ್ಚು. ಹಾಗಾದರೆ ಅದು ಅಮೆರಿಕಕ್ಕೆ ನಿಷೇಧವಲ್ಲ. ಬಿ-1/ಬಿ-2 ವೀಸಾಕ್ಕೆ 185 ಡಾಲರ್ ಕಟ್ಟಿ ಲಂಡನ್ನಿನಲ್ಲೋ ಬೆಲ್‌ಫಾಸ್ಟಿನಲ್ಲೋ ಸಂದರ್ಶನಕ್ಕೆ ಹೋಗಬೇಕು, ಅಷ್ಟೇ. ಅಲ್ಲಿ ಬಂಧನದ ವಿವರ ಹೇಳಿ ಕಾಗದ ತೋರಿಸಲು ಅವಕಾಶವಿದೆ. ಬಂಧನವಾಗಿದ್ದವರು, ಶಿಕ್ಷೆಯಾಗದಿದ್ದರೂ, ವೀಸಾ ದಾರಿಯನ್ನೇ ಹಿಡಿಯುವುದು ಒಳ್ಳೆಯದು ಎಂಬುದು ಲಂಡನ್ ರಾಯಭಾರ ಕಚೇರಿ ಬಹುಕಾಲ ಕೊಟ್ಟ ಸಲಹೆ. ಗಾಯದ ಆರೋಪವಿದ್ದ ನಿಮ್ಮಂಥವರಿಗೆ ನಾವೂ ಅದನ್ನೇ ಹೇಳುತ್ತೇವೆ. ಟಿಕೆಟ್ ತೆಗೆದಾದ ಮೇಲೆ, ಹೊರಡುವ 72 ಗಂಟೆ ಮೊದಲು ಎಸ್ಟಾ ತುಂಬಲು ಕೂರುವುದು ಇಂಥ ಮನೆಗಳಿಗೆ ಹೇಳಿಸಿದ್ದಲ್ಲ.

ಪೊಲೀಸರು ‘ಕಾಷನ್’ (ಕೋರ್ಟಿಗೆ ಕಳಿಸದೆ ಕೊಡುವ ಅಧಿಕೃತ ಎಚ್ಚರಿಕೆ) ಕೊಟ್ಟು ಬಿಟ್ಟಿದ್ದರೆ ಅದನ್ನು ಕೈಬಿಟ್ಟ ಕೇಸೆಂದು ಭಾವಿಸಬೇಡಿ. ತಪ್ಪು ಒಪ್ಪಿಕೊಂಡರಷ್ಟೇ ಕಾಷನ್ ಕೊಡುತ್ತಾರೆ, ಆ ಒಪ್ಪಿಗೆಗೇ ಅಮೆರಿಕದಲ್ಲಿ ತೂಕವಿದೆ.

ಟೊರೊಂಟೊಗೆ ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ಬೇಕಾದದ್ದು ಇಟಿಎ, ಶುಲ್ಕ 7 ಕೆನಡಾ ಡಾಲರ್. ಅಲ್ಲಿ ಮೇಲೆ ಬೆಂಗಳೂರಿನವರಿಗೆ ಹೇಳಿದ ಅದೇ ಅಗಲವಾದ ಪ್ರಶ್ನೆ ಬರುತ್ತದೆ, ಉತ್ತರ ಖಂಡಿತ ‘ಯೆಸ್’. ಎಸ್ಟಾದಲ್ಲಿ ‘ನೋ’ ಎಂದವರೇ ಇಟಿಎಯಲ್ಲಿ ‘ಯೆಸ್’ ಎನ್ನಬೇಕಾಗಬಹುದು, ಎರಡೂ ಸತ್ಯವೇ. ಸಾಮಾನ್ಯವಾಗಿ ನಿಮಿಷಗಳಲ್ಲಿ ಬರುವ ಇಟಿಎ ಇಂಥ ಉತ್ತರದ ಮೇಲೆ ಅಧಿಕಾರಿಯ ಮೇಜಿಗೆ ಹೋಗಿ ದಾಖಲೆ ಕೇಳಿ ಇಮೇಲ್ ಬರಬಹುದು. ಕೋರ್ಟಿನ ಕಾಗದವನ್ನು ಸ್ಕ್ಯಾನ್ ಮಾಡಿಟ್ಟುಕೊಂಡೇ ಅರ್ಜಿಗೆ ಕೂರಿ.

ಪ್ರಶ್ನೆ: ದೀಪಾವಳಿಯಲ್ಲಿ ಇಸ್ಪೀಟ್ ಆಡುವಾಗ ರೇಡ್ ಆಗಿ, ಕೋರ್ಟಿನಲ್ಲಿ ದಂಡ ಕಟ್ಟಿ ಅವತ್ತೇ ಮುಗಿಸಿಕೊಂಡು ಬಂದೆವು. ‘ಕೇಸ್ ಕ್ಲೋಸ್’ ಎಂದರು ವಕೀಲರು. ಲಂಡನ್ನಿಗೆ ಹೋಗಲು ಇದನ್ನು ಬರೆಯಬೇಕೇ? — ದಾವಣಗೆರೆ

ಉತ್ತರ: ಕೇಸು ಮುಗಿದದ್ದು ನಿಜ, ಆದರೆ ಮುಗಿದದ್ದು ಶಿಕ್ಷೆಯಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಜೂಜಿನ ಕೇಸಿನಲ್ಲಿ ತಪ್ಪೊಪ್ಪಿಕೊಂಡು ಕಟ್ಟಿದ ದಂಡ, ನೂರಿನ್ನೂರು ರೂಪಾಯಿಯದ್ದಾದರೂ, ಶಿಕ್ಷೆಯೇ. ವಾಪಸಾದ ಕೇಸಿಗಿಂತ ಇದು ಭಾರ. ಬ್ರಿಟನ್ನಿನ ಫಾರಂ ವಾಪಸಾದ, ಖುಲಾಸೆಯಾದ ಕೇಸನ್ನು ಕೇಳುವುದಿಲ್ಲ. ಶಿಕ್ಷೆ, ಎಚ್ಚರಿಕೆ, ದಂಡನೆ ಮತ್ತು ಇನ್ನೂ ವಿಚಾರಣೆ ಬಾಕಿ ಇರುವ ಬಂಧನ-ಆರೋಪಗಳನ್ನಷ್ಟೇ ಕೇಳುತ್ತದೆ. ಹಾಗಾಗಿ ಮಂಡ್ಯದವರು ಲಂಡನ್ನಿಗೆ ‘ನೋ’ ಎನ್ನಬಹುದು, ನೀವು ‘ಯೆಸ್’ ಎನ್ನಬೇಕು. ಜೈಲಿಲ್ಲದ ಶಿಕ್ಷೆಯಾಗಿ 12 ತಿಂಗಳು ಕಳೆಯದ ಸಂದರ್ಶಕರಿಗೆ ಬ್ರಿಟನ್ ವೀಸಾ ನಿರಾಕರಿಸುವ ನಿಯಮವಿದೆ, ಆದ್ದರಿಂದ ದಂಡ ಕಟ್ಟಿದ ತಾರೀಖಿನಿಂದ ವರ್ಷ ತುಂಬಿದ ಮೇಲೆ ಅರ್ಜಿ ಹಾಕಿ.

ಇದೇ ಗುಂಪಿಗೆ ಸೇರುವ, ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಡ್ರಂಕ್ ಅಂಡ್ ಡ್ರೈವ್. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 185ರಡಿ ಕೋರ್ಟಿನಲ್ಲಿ 10,000 ರೂಪಾಯಿ ಕಟ್ಟಿ ಗಾಡಿ ಬಿಡಿಸಿಕೊಂಡರೆ ಮರೆತೇಬಿಡುತ್ತೇವೆ. ಕೆನಡಾ ಅದನ್ನು ತನ್ನ ಕಾನೂನಿನ ಅಳತೆಯಲ್ಲಿ ನೋಡುತ್ತದೆ. 2018ರ ಡಿಸೆಂಬರ್ 18ರಿಂದ ಅಲ್ಲಿ ಕುಡಿದು ಓಡಿಸುವುದಕ್ಕೆ ಗರಿಷ್ಠ ಶಿಕ್ಷೆ ಹತ್ತು ವರ್ಷ, ಅಂದರೆ ಗಂಭೀರ ಅಪರಾಧ. ಅಂದಿನಿಂದೀಚಿನ ಕೇಸುಗಳಲ್ಲಿ ವರ್ಷಗಳು ಉರುಳಿದರೆ ತಾನಾಗಿ ಅನರ್ಹತೆ ಹೋಗುವ ಸೌಲಭ್ಯ ಇಲ್ಲ. ದಂಡ ಕಟ್ಟಿ ಐದು ವರ್ಷವಾದ ಮೇಲೆ ‘ರಿಹ್ಯಾಬಿಲಿಟೇಷನ್’ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಹೋಗಲೇಬೇಕಾದರೆ ತಾತ್ಕಾಲಿಕ ಪರವಾನಗಿ ಕೇಳಬೇಕು. ಹೊರದೇಶದ ಯೋಚನೆಯಿರುವ ಹುಡುಗರು ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುವ ಮೊದಲು ವಕೀಲರ ಬಳಿ ಇದನ್ನು ಮಾತಾಡಿಕೊಳ್ಳಲಿ.

ಪ್ರಶ್ನೆ: ನಾನು ಕೆನಡಾದಲ್ಲಿ ಪಿಆರ್ (ಕಾಯಂ ನಿವಾಸಿ), ಪಾಸ್‌ಪೋರ್ಟ್ ಭಾರತದ್ದು. ಮನೆಯ ಜಗಳದಲ್ಲಿ ಪೊಲೀಸರು ಬಂದು ನನ್ನನ್ನು ಬಂಧಿಸಿದರು. ಪೀಸ್ ಬಾಂಡಿಗೆ (ಶಾಂತಿಯಿಂದ ಇರುತ್ತೇನೆಂಬ ಮುಚ್ಚಳಿಕೆ) ಸಹಿ ಹಾಕಿದ ಮೇಲೆ ಕ್ರೌನ್ (ಸರ್ಕಾರಿ ಅಭಿಯೋಜಕರು) ಆರೋಪ ಹಿಂಪಡೆಯಿತು. ಅಮೆರಿಕದ ವೀಸಾ ಸಿಗುತ್ತದೆಯೇ? — ಮಿಸಿಸಾಗ

ಉತ್ತರ: ಕೆನಡಾದ ಕ್ರಿಮಿನಲ್ ಸಂಹಿತೆಯ 810ರ ಪೀಸ್ ಬಾಂಡ್ ಶಿಕ್ಷೆಯಲ್ಲ, ಆರೋಪ ‘ವಿತ್‌ಡ್ರಾನ್’ ಎಂದು ದಾಖಲಾಗಿದ್ದರೆ ಅಮೆರಿಕದ ಲೆಕ್ಕದಲ್ಲೂ ಶಿಕ್ಷೆಯಲ್ಲ. ಡಿಎಸ್-160ರಲ್ಲಿ ಬಂಧನಕ್ಕೆ ‘ಯೆಸ್’ ಹಾಕಿ, ಕೋರ್ಟಿನಿಂದ ‘ಇನ್ಫರ್ಮೇಷನ್’ ಎಂಬ ಆರೋಪಪತ್ರದ ಪ್ರಮಾಣಿತ ಪ್ರತಿ ತೆಗೆದುಕೊಳ್ಳಿ. ಅದರ ಮೇಲೇ ಹಿಂಪಡೆದ ತಾರೀಖು ಬರೆದಿರುತ್ತಾರೆ. ಬಾಂಡಿನ ಪ್ರತಿಯೂ ಜತೆಗಿರಲಿ. ಸಾಮಾನ್ಯವಾಗಿ 12 ತಿಂಗಳ ಆ ಅವಧಿ ಮುಗಿದ ಮೇಲೆ ಅರ್ಜಿ ಹಾಕಿದರೆ ಕೆಲಸ ಹಗುರ.

ನಿಮ್ಮ ಕಾಗದದಲ್ಲಿ ‘ವಿತ್‌ಡ್ರಾನ್’ ಬದಲು ‘ಕಂಡಿಷನಲ್ ಡಿಸ್ಚಾರ್ಜ್’ ಎಂದಿದ್ದರೆ ಮಾತೇ ಬೇರೆ. ನಮ್ಮ ಕೋರ್ಟುಗಳ ಡಿಸ್ಚಾರ್ಜ್ ವಿಚಾರಣೆಗೆ ಮೊದಲೇ ಬಿಡುಗಡೆ. ಕೆನಡಾದ್ದು ತಪ್ಪಿತಸ್ಥರೆಂದು ಕಂಡ ಮೇಲೆ ಕೊಡುವ ರಿಯಾಯಿತಿ. ಷರತ್ತು ಹಾಕಿದ ಅಂಥ ಡಿಸ್ಚಾರ್ಜನ್ನು ಅಮೆರಿಕ ಶಿಕ್ಷೆಯೆಂದೇ ಎಣಿಸುತ್ತದೆ.

ಆರೋಪ ಹೋದರೂ ಬೆರಳಚ್ಚು ಪೊಲೀಸರಲ್ಲಿ ಉಳಿದಿರುತ್ತದೆ. ಬಾಂಡಿನ ಅವಧಿ ಮುಗಿದ ಮೇಲೆ ಬಂಧಿಸಿದ ಪೊಲೀಸ್ ಇಲಾಖೆಗೇ ಬೆರಳಚ್ಚು, ಫೋಟೊ ನಾಶಪಡಿಸಲು ಅರ್ಜಿ ಕೊಡಿ. ಹಾಗೆ ನಾಶವಾದರೂ, ಅಮೆರಿಕದ ಅಧಿಕಾರಿಗಳು ಅಷ್ಟರೊಳಗೆ ನೋಡಿ ತಮ್ಮಲ್ಲಿ ಬರೆದಿಟ್ಟುಕೊಂಡದ್ದು ಅಳಿಯುವುದಿಲ್ಲ, ಆದ್ದರಿಂದ ಕೋರ್ಟಿನ ಕಾಗದ ಎಸೆಯಬೇಡಿ. ನಾಳೆ ನೀವು ಕೆನಡಾದ ಪೌರರಾಗಿ ವೀಸಾ, ಎಸ್ಟಾ ಎರಡೂ ಬೇಡವಾದ ಮೇಲೂ ಪಿಯರ್ಸನ್ ವಿಮಾನ ನಿಲ್ದಾಣದ ಅಮೆರಿಕನ್ ಕೌಂಟರಿನಲ್ಲಿ ಅದೇ ಕಾಗದ ಬೇಕಾಗಬಹುದು.

ಪ್ರಶ್ನೆ: ನನ್ನ ಮೇಲಿದ್ದ ಚೀಟಿಂಗ್ ಕೇಸು ರಾಜಿಯಾಗಿ ಕೋರ್ಟಿನಲ್ಲಿ ಮುಗಿದಿದೆ. ಆದರೆ ಪಾಸ್‌ಪೋರ್ಟ್ ನವೀಕರಣದ ಪೊಲೀಸ್ ವರದಿಯಲ್ಲಿ ‘ಕೇಸ್ ಪೆಂಡಿಂಗ್’ ಎಂದು ಹೋಗಿದೆ. ಮೊದಲು ಲುಕ್‌ಔಟ್ (ದೇಶ ಬಿಟ್ಟು ಹೋಗದಂತೆ ತಡೆಯುವ ಸುತ್ತೋಲೆ) ಕೂಡ ಹೊರಡಿಸಿದ್ದರಂತೆ. ದುಬೈಗೆ ಕೆಲಸಕ್ಕೆ ಹೋಗಬೇಕು. — ಮಂಗಳೂರು

ಉತ್ತರ: ಕೋರ್ಟಿನ ಆದೇಶ ಠಾಣೆಯ ದಾಖಲೆಗೆ ತಾನಾಗಿ ಹರಿದು ಬರುತ್ತದೆ ಎಂದು ನಂಬಬೇಡಿ. ಆದೇಶದ ಸರ್ಟಿಫೈಡ್ ಕಾಪಿಯನ್ನು ಎಫ್‌ಐಆರ್ ದಾಖಲಾದ ಠಾಣೆಗೂ, ನಿಮ್ಮ ಈಗಿನ ವಿಳಾಸದ ಠಾಣೆಗೂ ಮನವಿಯೊಂದಿಗೆ ಕೊಟ್ಟು, ಕೇಸಿನ ಫಲಿತಾಂಶವನ್ನು ಕಂಪ್ಯೂಟರಿನಲ್ಲಿ ನಮೂದಿಸಲು ಕೇಳಿ. ಮನವಿಯ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅದನ್ನೂ ಆದೇಶವನ್ನೂ ಪಾಸ್‌ಪೋರ್ಟ್ ಕಚೇರಿಗೆ ಕೊಟ್ಟು ಮರು ಪೊಲೀಸ್ ಪರಿಶೀಲನೆ ಕೇಳಬಹುದು. ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಅಡ್ಡಿಯಾಗುವುದು ಕ್ರಿಮಿನಲ್ ಕೋರ್ಟಿನಲ್ಲಿ ಪ್ರಕರಣ ಬಾಕಿ ಇರುವಾಗ ಮಾತ್ರ. ಕೇಸು ನಡೆಯುತ್ತಿದ್ದಾಗ ಕೋರ್ಟಿನ ಅನುಮತಿಯ ಮೇಲೆ ಒಂದು ವರ್ಷದ ಪಾಸ್‌ಪೋರ್ಟ್ ಪಡೆದಿದ್ದವರು ಈಗ ಪೂರ್ಣ ಅವಧಿಯದ್ದಕ್ಕೆ ಮರುವಿತರಣೆ ಅರ್ಜಿ ಹಾಕಿ. ಕೆಲಸದ ವೀಸಾಕ್ಕೆ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಕೇಳಿದರೆ ಅದನ್ನೂ ಪಾಸ್‌ಪೋರ್ಟ್ ಸೇವಾ ಮೂಲಕವೇ, 500 ರೂಪಾಯಿ ಕಟ್ಟಿ, ಠಾಣೆಯ ದಾಖಲೆ ಸರಿಯಾದ ಮೇಲೆ ಮಾಡಿಸಿ. ಮೊದಲೇ ಹಾಕಿದರೆ ಅದರಲ್ಲೂ ‘ಪೆಂಡಿಂಗ್’ ಎಂದೇ ಬರುತ್ತದೆ.

ಲುಕ್‌ಔಟ್ ಇದಕ್ಕಿಂತ ಗಟ್ಟಿ. ಕೇಸು ಮುಗಿದರೂ ಅದು ತಾನಾಗಿ ಬೀಳುವುದಿಲ್ಲ. ಗೃಹ ಸಚಿವಾಲಯದ 2021ರ ಮಾರ್ಗಸೂಚಿಯಂತೆ, ಹೊರಡಿಸಿದವರೇ ತೆಗೆಯಿರೆಂದು ವಲಸೆ ಬ್ಯೂರೊಗೆ ಬರೆಯುವವರೆಗೂ ಅದು ಜಾರಿಯಲ್ಲಿರುತ್ತದೆ. ತನಿಖಾಧಿಕಾರಿಗೆ ಹೇಳಿದರೆ ಸಾಲದು, ಎಸ್‌ಪಿ ಅಥವಾ ಡಿಸಿಪಿ ಕಚೇರಿಗೆ ಲಿಖಿತ ಮನವಿ ಕೊಡಿ, ಆದೇಶದ ಪ್ರತಿ, ಪಾಸ್‌ಪೋರ್ಟಿನ ಮೊದಲ-ಕೊನೆಯ ಪುಟ ಲಗತ್ತಿಸಿ, ವಲಸೆ ಬ್ಯೂರೊಗೆ ಪತ್ರ ಹೋದ ನಂಬರ್, ತಾರೀಖು ಕೇಳಿ ಪಡೆಯಿರಿ. ಉತ್ತರ ಬರದಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕುವ ದಾರಿಯಿದೆ. ಆ ಪತ್ರದ ನಂಬರ್ ಕೈಗೆ ಬಂದ ಮೇಲೇ ಟಿಕೆಟ್ ತೆಗೆಯಿರಿ. ಹೊರಡುವ ದಿನ ಆದೇಶದ ಸರ್ಟಿಫೈಡ್ ಕಾಪಿ ಚೆಕ್-ಇನ್ ಬ್ಯಾಗಿನಲ್ಲಿ ಹೋಗದೆ ಕೈಚೀಲದಲ್ಲೇ ಇರಲಿ, ವಲಸೆ ಕೌಂಟರ್ ಬರುವುದು ಬ್ಯಾಗು ಕೊಟ್ಟ ಮೇಲೆ.